ಕರ್ಪೂರ ಆರಿಸಿದ ಕೈ

ಮಾದಪ್ಪನ ಬೆಟ್ಟದ ಸೀಮೆಯವರು ಎಲ್ಲಿಗೆ ಹೊರಟರೂ ದೇವರನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೊರಡುತ್ತಾರೆ. ಹುಚ್ಚಮ್ಮ ಕೊಳ್ಳೇಗಾಲದ ಕಡೆಯ ತನ್ನ ಊರು ಬಿಟ್ಟು ಮದರಾಸಿನ ಪಕ್ಕದ ತಾಂಬರಂಗೆ ಬಂದಾಗ ಅವಳ ಜೊತೆ ಬಂದದ್ದು ಒಂದು ಚೀಲ ರಾಗಿಹಿಟ್ಟು, ಎರಡು ವಿಭೂತಿಗಟ್ಟಿ, ಹುಲಿಯ ಮೇಲೆ ಕೂತ ಮಾದೇಶ್ವರನ ಗಾಜಿನ ಪಟ. ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯ ಮೂಲೆಯಲ್ಲಿ ಮೊಳೆ ಹೊಡೆಸಿ, ಪಟ ನಿಲ್ಲಿಸಿ, “ಇನ್ಮ್ಯಾಕೆ ಇದೇ ನಿನ್ ಬೆಟ್ಟ ಕನಪ್ಪ, ಒಗ್ಗಿಕೊ” ಎಂದು ಕೈಮುಗಿದಳು. ದೇವರು ಒಗ್ಗಿಕೊಂಡ. ಅವಳೂ ಒಗ್ಗಿಕೊಂಡಳು. ಅದಾಗಿ ಆರು ವರ್ಷ.

ಮಗ ಅಂದಾನಿಗೆ ರೈಲು ಷೆಡ್ಡಿನಲ್ಲಿ ಫಿಟ್ಟರ್ ಕೆಲಸ. ಸೊಸೆ ಸುಮತಿ ಮೌಂಟ್ ರೋಡಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತೆ. ಬೆಳಗಿನ ಎಂಟರ ಎಲೆಕ್ಟ್ರಿಕ್ ಟ್ರೈನು ಹತ್ತಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಹತ್ತು ವರ್ಷದ ಮೊಮ್ಮಗಳು ವಂದನಾಗೆ ಜಡೆ ಹೆಣೆಯುವುದು, ಉಣ್ಣಿಸುವುದು, ಕತೆ ಹೇಳಿ ಮಲಗಿಸುವುದು ಎಲ್ಲ ಹುಚ್ಚಮ್ಮನ ಪಾಲಿಗೆ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗಳು ಅರ್ಧ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಅದಕ್ಕೇನೂ ಅಡ್ಡಿಯಾಗಿರಲಿಲ್ಲ.

ಅಡ್ಡಿ ಇದ್ದದ್ದು ಹೊರಗೆ. ಹಿಂದಿನ ವರ್ಷ ಕಾವೇರಿ ಗಲಾಟೆಯಾದಾಗ ಬ್ಲಾಕಿನ ಹುಡುಗಿಯರು ವಂದನಾಗೆ ‘ಕಾವೇರಿ’ ಎಂದು ಹೆಸರಿಟ್ಟಿದ್ದರು. ಈ ವರ್ಷ ಮದರಾಸಿನಲ್ಲಿ ನೀರೇ ಇಲ್ಲದೆ ಹೋಗಿ, ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಕ್ವಾರ್ಟರ್ಸಿನ ಬೋರು ಒಣಗಿ ಮೂರು ತಿಂಗಳಾಗಿತ್ತು. ಪಂಪ್ ರೂಮಿನ ಕಡೆ ಯಾರೂ ಹೋಗುತ್ತಿರಲಿಲ್ಲ. ದಿನ ಬಿಟ್ಟು ದಿನ ನೀರಿನ ಲಾರಿ ಬಂದು ಹಾರ್ನ್ ಹೊಡೆದರೆ ಹೆಂಗಸರು ಮಕ್ಕಳು ಪ್ಲಾಸ್ಟಿಕ್ ಕೊಡ ಹಿಡಿದು ಓಡಬೇಕು.

“ಏಯ್ ಕಾವೇರಿ, ತಣ್ಣಿ ಎಂಗೇ? ನೀರೆಲ್ಲೇ? ನಮ್ಮ ನೀರೆಲ್ಲ ನಿಮ್ಮಜ್ಜಿ ಕುಡಿದಳಾ?” ಎಂದು ಗಾರ್ಡ್ ಮಗಳು ನಿಷಾಂತಿ ಸಾಲಿನಲ್ಲಿ ನಿಂತೇ ಕೂಗುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ; ಆ ಬ್ಲಾಕಿನ ಮಕ್ಕಳಿಗೆಲ್ಲ ಅವಳು ಹೇಳಿದ್ದೇ ಆಟ.

“ಇವತ್ತೂ ಒಳಗೇ ಕೂತಿದ್ಲಾ?” ಸುಮತಿ ಚಪ್ಪಲಿ ಬಿಡುತ್ತಲೇ ಕೇಳುವಳು.

“ಆ ಹೈಕ್ಳು ಸೇರ್ಸಕಳಲ್ಲ ಕನವ್ವ. ಆ ಅಂಜಲೈ ಮಗಳು ಪೂಂಗೊಡಿ ಒಬ್ಳೇ ಬತ್ತಾಳೆ. ಇಬ್ರೂ ಬಾದಾಮಿ ಮರದಡಿ ಆಡ್ಕತವೆ.”

“ಅಷ್ಟು ದೊಡ್ಡ ಬ್ಲಾಕಲ್ಲಿ ಇವಳಿಗೆ ಸ್ಟೇಷನ್ ಗುಡಿಸೋಳ ಮಗಳೊಬ್ಬಳೇನಾ ಸಿಕ್ಕಿದ್ದು?” ಸುಮತಿ ಕೆಟ್ಟವಳಲ್ಲ. ದಣಿದಿದ್ದಳು. ಮಾರನೆಯ ದಿನ ಒಂದು ಪೊಟ್ಟಣ ಚಾಕ್ಲೇಟ್ ತಂದು, “ನಿಷಾಂತಿ ಹತ್ರ ಹೋಗಿ ಎಲ್ಲರಿಗೂ ಹಂಚು” ಎಂದಳು. ಹುಡುಗಿಯರು ಚಾಕ್ಲೇಟ್ ತಿಂದರು. “ಥ್ಯಾಂಕ್ಸ್ ಕಾವೇರಿ” ಎಂದರು.

ಅಂದಾನಿಯ ದಾರಿ ಬೇರೆ. “ನಾಲ್ಕು ಬಿಟ್ಟು ಬಾ ಅವರ್ಗೆ. ಅತ್ಕೊಂಡ್ ಮನೇಗ್ ಬಂದ್ರೆ ನಾನು ನಾಲ್ಕು ಬಿಡ್ತೀನಿ” ಎನ್ನುವನು. ಬಾಗಿಲ ಹಿಂದಿನ ಮೊಳೆಗೆ ಅವನ ಷೆಡ್ಡಿನ ಬೆಲ್ಟು ಸದಾ ತೂಗುತ್ತಿತ್ತು. ತಪ್ಪಿಗೆ ಎರಡು ಏಟು, ಸುಳ್ಳಿಗೆ ಹತ್ತು. ಆ ಲೆಕ್ಕ ವಂದನಾಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು.

ಜೂನ್ ತಿಂಗಳ ಒಂದು ಶನಿವಾರ ಸಂಜೆ ನಾಲ್ಕಕ್ಕೆ ನಿಷಾಂತಿ ತಾನಾಗಿಯೇ ಬಾದಾಮಿ ಮರದ ಹತ್ತಿರ ಬಂದಳು.

“ಕಣ್ಣಾಮುಚ್ಚಾಲೆ ಆಡ್ತಿದೀವಿ. ನೀವಿಬ್ಬರೂ ಬನ್ನಿ.”

ಪೂಂಗೊಡಿಯ ಮುಖ ಅರಳಿತು. ಅವಳನ್ನೂ ಯಾರೂ ಆಟಕ್ಕೆ ಕರೆದಿರಲಿಲ್ಲ. ಎಲ್ಲಿ ಅಡಗಬೇಕೆಂದು ನಿಷಾಂತಿಯೇ ತೋರಿಸಿದಳು: ಪಂಪ್ ರೂಮು. ಪೂಂಗೊಡಿ ಓಡಿಹೋಗಿ ಒಳಗೆ ಅವಿತಳು. ನಿಷಾಂತಿ ವಂದನಾಳ ಕಿವಿಯಲ್ಲಿ, “ಹೋಗಿ ಚಿಲಕ ಹಾಕು. ಐದೇ ನಿಮಿಷ, ಸುಮ್ನೆ ತಮಾಷೆ. ಹಾಕಿದ್ರೆ ಇವತ್ತಿಂದ ನೀನು ನಮ್ಮ ಸೆಟ್ಟು. ಕಾವೇರಿ ಅನ್ನಲ್ಲ, ಪ್ರಾಮಿಸ್” ಎಂದಳು.

ವಂದನಾ ಹೋಗಿ ಚಿಲಕ ಹಾಕಿದಳು. ಬಾಗಿಲಲ್ಲಿದ್ದ ಕಿಂಡಿಯಿಂದ ಪೂಂಗೊಡಿ ನೋಡಿ, ಆಟವೆಂದುಕೊಂಡು ನಕ್ಕಳು.

ಅಷ್ಟರಲ್ಲಿ ಲಾರಿಯ ಹಾರ್ನ್ ಕೇಳಿತು. ಮಕ್ಕಳೆಲ್ಲ ಕೊಡಕ್ಕಾಗಿ ಮನೆಗೆ ಓಡಿದರು. ವಂದನಾ ಅಜ್ಜಿಯ ಜೊತೆ ಸಾಲಿನಲ್ಲಿ ನಿಂತಳು. ನಾಲ್ಕು ಕೊಡ ತುಂಬಿ, ಮೆಟ್ಟಿಲು ಹತ್ತಿ, ಸುರಿದು, ಮತ್ತೆ ಇಳಿದು, ಒಂದು ಗಂಟೆ ಹಿಡಿಯಿತು. ನಡುವೆ ಒಮ್ಮೆ ನಿಷಾಂತಿಯ ಕಡೆ ತಿರುಗಿ, “ಪೂಂಗೊಡಿ?” ಎಂದಳು.

“ಅಯ್ಯೋ, ಯಾರಾದ್ರೂ ತೆಗೆದಿರ್ತಾರೆ ಬಿಡು.”

ಯಾರೂ ತೆಗೆದಿರಲಿಲ್ಲ. ಅಂಜಲೈ ಸ್ಟೇಷನ್ನಿನಲ್ಲಿ ಡ್ಯೂಟಿಯ ಮೇಲಿದ್ದಳು. ಏಳೂವರೆಗೆ ಯಾರೋ ಲೈನ್‌ಮನ್ ಆ ಕಡೆ ಹೋಗಿ ಸದ್ದು ಕೇಳಿ ಬಾಗಿಲು ತೆಗೆದಾಗ ಹುಡುಗಿಯ ಲಂಗ ಒದ್ದೆಯಾಗಿತ್ತು. ಬಾಗಿಲು ಕೆರೆದು ಕೆರೆದು ಬಲಗೈಯ ಎರಡು ಉಗುರು ಕಿತ್ತು ಬಂದಿದ್ದವು.

ಎಂಟು ಗಂಟೆಗೆ ಅಂಜಲೈ ಮಗಳನ್ನು ಕೈಹಿಡಿದು ಎಳೆದುಕೊಂಡು ಅಂದಾನಿಯ ಬಾಗಿಲಿಗೆ ಬಂದಳು. ಹಿಂದೆ ಅರ್ಧ ಬ್ಲಾಕು ಬಂತು. ಮನೆಯಲ್ಲಿ ಊಟಕ್ಕೆ ಕೂತಿದ್ದರು. ಮುದ್ದೆಯ ಮೇಲೆ ಇನ್ನೂ ಹಬೆಯಾಡುತ್ತಿತ್ತು.

“ನಿಮ್ಮ ಮಗಳು ಚಿಲಕ ಹಾಕಿದಳಂತೆ. ಕಿಂಡಿಯಿಂದ ಇವಳು ಕಣ್ಣಾರೆ ನೋಡಿದ್ದಾಳೆ. ನ್ಯಾಯ ಹೇಳಿ ಸಾರ್. ಅಪ್ಪ ಇಲ್ಲದ ಮಗು ಅಂತ ಹೀಗೆ ಮಾಡಬಹುದಾ?”

ಅಂದಾನಿ ಕೈತೊಳೆಯದೆ ಎದ್ದ. “ನೀನಾ ಹಾಕಿದ್ದು?”

ವಂದನಾ ಬೆಲ್ಟಿನ ಮೊಳೆಯ ಕಡೆ ನೋಡಿದಳು. “ನಾ ಇಲ್ಲೆ. ನಾನಲ್ಲ.”

“ಮತ್ತೆ ಯಾರು?”

“ತೆರಿಯಾದು. ಗೊತ್ತಿಲ್ಲಪ್ಪ.”

ಜನರ ನಡುವೆ ನಿಂತಿದ್ದ ನಿಷಾಂತಿ ಚಪ್ಪಲಿಯ ತುದಿಯನ್ನೇ ನೋಡುತ್ತಿದ್ದಳು. ಅಂದಾನಿ ಎಡಗೈಯಲ್ಲಿ ಬೆಲ್ಟು ತೆಗೆದ. ಸುಮತಿ, “ಜನರ ಎದುರಿಗೆ ಬೇಡ ರೀ” ಎಂದು ಅಡ್ಡ ಬಂದಳು. ಆಗ ಹುಚ್ಚಮ್ಮ ಗೋಡೆ ಹಿಡಿದುಕೊಂಡು ಎದ್ದಳು.

“ತಡಿ ಅಂದಾನಿ. ನಾನ್ ಸಾಕಿರೋ ಕೂಸು ಸುಳ್ ಯೋಳಕಿಲ್ಲ. ನಿನ್ ಬೆಲ್ಟು ಯಾಕೆ? ನಮ್ಮೂರಲ್ಲಿ ಎಂಥೆಂಥ ಹೊಲದ ನ್ಯಾಯವೂ ಕರ್ಪೂರದ ಮುಂದೆ ತೀರ್ತದೆ. ಹಚ್ತೀನಿ. ಕೂಸು ಆರಿಸ್ಲಿ. ಎಲ್ರೂ ನೋಡಿ.”

ಇದು ಅವಳು ಮೊಮ್ಮಗಳನ್ನು ಏಟಿನಿಂದ ಉಳಿಸಲೆಂದು ಹೂಡಿದ ಉಪಾಯ. ಬೆಟ್ಟದ ಸೀಮೆಯಲ್ಲಿ ಮಾದಪ್ಪನ ಮುಂದೆ ಕರ್ಪೂರ ಆರಿಸಿ ಆಣೆಯಿಟ್ಟವನ ಮಾತನ್ನು ಆಮೇಲೆ ಯಾರೂ ಕೆದಕುವುದಿಲ್ಲ. ತಮಿಳುಸೀಮೆಯಲ್ಲೂ ಅದೇ ಕಟ್ಟಳೆ. ಬಾಗಿಲಲ್ಲಿ ನಿಂತ ಹೆಂಗಸರು ಅಜ್ಜಿಯ ಕಡೆ ಕೈತೋರಿಸಿ, “ಪಾಟಿ ಹೇಳೋದು ಸರಿ, ಸಾಮಿ ಮುಂದೆ ಗೊತ್ತಾಗಿಬಿಡುತ್ತೆ” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು. ಮೂರು ದಾರಿಯ ದೊಡ್ಡವರಿದ್ದರು ಆ ಮನೆಯಲ್ಲಿ. ಮಗುವನ್ನು ಒಂದು ಗಳಿಗೆ ಒಬ್ಬಳೇ ಒಳಗೆ ಕರೆದು ಕೇಳೋಣವೆಂದು ಒಬ್ಬರಿಗೂ ಹೊಳೆಯಲಿಲ್ಲ.

ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಉರಿಯಿತು. ಹುಚ್ಚಮ್ಮ ಪೊರೆ ಬಂದ ಕಣ್ಣಿಂದ ಪಟದ ಕಡೆ ನೋಡಿ ಗಟ್ಟಿಯಾಗಿ ಹೇಳಿದಳು: “ಏಳುಮಲೆ ಮಾದಪ್ಪ, ನನ್ ಕೂಸು ಸುಳ್ ಯೋಳಿದ್ರೆ ನನ್ ಎರಡೂ ಕಣ್ಣು ನೀನೇ ತಕ್ಕೊ.” ಆಮೇಲೆ ಮೊಮ್ಮಗಳ ಬಲಗೈ ಹಿಡಿದಳು. “ಎದ್ರಬ್ಯಾಡ. ನಿಜ ಯೋಳೋರ್ಗೆ ಸುಡಕಿಲ್ಲ. ಒತ್ತು.”

ವಂದನಾ ಒಮ್ಮೆ ಬೆಲ್ಟು ನೋಡಿದಳು, ಒಮ್ಮೆ ಉರಿ ನೋಡಿದಳು. ಅಂಗೈ ಒತ್ತಿದಳು. ಉರಿ ಆರಿತು. ಅಂಗೈಯಲ್ಲಿ ಕಪ್ಪು ಮಸಿಯ ಬೊಟ್ಟು ಬಿಟ್ಟು ಬೇರೇನೂ ಇರಲಿಲ್ಲ. ಒತ್ತಿ ಬೇಗ ತೆಗೆದರೆ ಯಾರಿಗೂ ಸುಡುವುದಿಲ್ಲ.

“ನೋಡ್ದೇನವ್ವ ಅಂಜಲೈ?” ಎಂದಳು ಹುಚ್ಚಮ್ಮ.

ಅಂಜಲೈ ತಟ್ಟೆಗೆ ಕೈಮುಗಿದಳು. ಆಮೇಲೆ ಮಗಳ ಕಡೆ ತಿರುಗಿದಳು. “ಸಾಮಿ ಮುಂದೆ ಸತ್ಯ ಮಾಡಿದ್ದಾಳೆ. ನನ್ನ ಮಾನ ತೆಗೆದೆಯಲ್ಲೇ” ಎಂದು ಜುಟ್ಟು ಹಿಡಿದು ಅಲ್ಲೇ ಬಡಿದಳು. ಮೆಟ್ಟಿಲುದ್ದಕ್ಕೂ ಬಡಿಯುತ್ತ ಇಳಿದಳು. ಪೂಂಗೊಡಿ ಅಳುತ್ತ ಒಂದೇ ಮಾತು ಹೇಳುತ್ತಿದ್ದಳು: “ನಾನು ನೋಡಿದೆ ಅಮ್ಮಾ, ನಾನು ನೋಡಿದೆ.”

ಅಂದಾನಿ ಬೆಲ್ಟನ್ನು ಮೊಳೆಗೆ ಹಾಕಿ ಮತ್ತೆ ಊಟಕ್ಕೆ ಕೂತ. “ಮುದ್ದೆ ಆರೋಯ್ತು” ಎಂದ.

ನಿಷಾಂತಿ ಮಾತಿಗೆ ತಪ್ಪಲಿಲ್ಲ. ಸೋಮವಾರದಿಂದ ವಂದನಾ ಅವರ ಸೆಟ್ಟು ಸೇರಿದಳು. ಕಾವೇರಿ ಎಂಬ ಹೆಸರು ಹೋಯಿತು. ಆದರೆ ಲಾರಿ ಬಂದಾಗ ನಿಷಾಂತಿಯ ಕೊಡಗಳನ್ನೂ ಇವಳೇ ಹೊರಬೇಕಿತ್ತು. ಸ್ಕೂಲಿನ ಬಸ್ಸಿನಲ್ಲಿ ಡಬ್ಬಿ ತೆರೆದರೆ ಮೊದಲ ತುತ್ತು ಅವಳಿಗೇ ಹೋಗಬೇಕಿತ್ತು. ಒಲ್ಲೆನೆಂದರೆ ನಿಷಾಂತಿ ಅಂಗೈಯನ್ನು ಗಾಳಿಯಲ್ಲಿ ಒತ್ತಿ ತೋರಿಸಿ, “ಹೇಳ್ಬಿಡ್ಲಾ?” ಎನ್ನುತ್ತಿದ್ದಳು. ಉಳಿದವರಿಗೆ ಅದೊಂದು ತಮಾಷೆ.

ಪೂಂಗೊಡಿ ಬಾದಾಮಿ ಮರದ ಕೆಳಗೆ ಒಬ್ಬಳೇ ಬಂದು ಕೂರುತ್ತಿದ್ದಳು, ಬೆರಳಿಗೆ ಬಟ್ಟೆ ಸುತ್ತಿಕೊಂಡು. ಹುಡುಗಿಯರು ಹಾದುಹೋಗುವಾಗ “ಪೊಯ್ಯಿ, ಪೊಯ್ಯಿ” ಎಂದು ರಾಗವಾಗಿ ಹಾಡುತ್ತಿದ್ದರು. ಸುಳ್ಳಿ ಎಂದು ಅರ್ಥ. ಆ ಹಾಡಿನಲ್ಲಿ ವಂದನಾಳೂ ಬಾಯಿ ಆಡಿಸಬೇಕಿತ್ತು. ಹತ್ತು ದಿನವಾದ ಮೇಲೆ ಪೂಂಗೊಡಿ ಮರದ ಕೆಳಗೆ ಕಾಣಲಿಲ್ಲ.

ಮನೆಯಲ್ಲಿ ವಂದನಾ ಊಟಕ್ಕೆ ಚಮಚ ಕೇಳಿದಳು.

“ಮುದ್ದೆಗೆ ಚಮಚವಾ?” ಹುಚ್ಚಮ್ಮ ನಕ್ಕಳು. “ಯಾವ್ ದೊರೆ ಮಗಳವ್ವ ನೀನು?”

ವಂದನಾ ನಗಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಮುದ್ದೆ ಕೆದಕಿ ಕೆದಕಿ ಬಿಟ್ಟಳು. ಬಲಗೈಯನ್ನು ಗೌನಿನ ಜೇಬಿನಿಂದ ತೆಗೆಯಲಿಲ್ಲ. ಸಂಜೆ ದೀಪ ಹಚ್ಚು ಬಾ ಎಂದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವಳು.

“ಎಡಗೈಲಿ ಉಣ್ಣದು ಯಾವ ಬುದ್ಧಿ? ಇದೆಲ್ಲ ನಿಮ್ಮ ಇಂಗ್ಲಿಷ್ ಸ್ಕೂಲು” ಎಂದಳು ಹುಚ್ಚಮ್ಮ ಸೊಸೆಗೆ.

“ಸ್ಕೂಲಲ್ಲಿ ಏನು ಮಾಡಿದ್ರು ಅತ್ತೆ? ಮನೇಲಿ ಇಡೀ ದಿನ ಇರೋರು ನೀವು. ಮಿಸ್ ನನ್ನ ಕರೆಸಿದ್ರು. ಬರೆಯಲ್ವಂತೆ, ಕೇಳಿದ್ದಕ್ಕೆ ಉತ್ತರ ಕೊಡಲ್ವಂತೆ. ಮನೇಲಿ ಏನಾದ್ರೂ ಆಗಿದೆಯಾ ಅಂತ ಕೇಳಿದ್ರು.”

“ಏನಂದೆ?”

“ಏನೂ ಆಗಿಲ್ಲ ಅಂದೆ. ಏನಾಗಿದೆ?”

ಅಂದಾನಿ ಪೇಪರಿನಿಂದ ತಲೆಯೆತ್ತದೆ, “ಎರಡು ಬಿಗಿದ್ರೆ ಬಲಗೈ ತಾನಾಗೇ ಹೊರಗೆ ಬರ್ತದೆ” ಎಂದ.

“ನಿಮಗೆ ಅದೊಂದೇ ಗೊತ್ತಿರೋದು.”

“ನಿನಗೆ ನೂಡಲ್ಸು ಒಂದೇ ಗೊತ್ತಿರೋದು.”

ಆ ರಾತ್ರಿ ಸುಮತಿ ನೂಡಲ್ಸು ಮಾಡಿ ಮಗಳ ಮುಂದಿಟ್ಟು, “ಏನಾಯ್ತು ಹೇಳು ಚಿನ್ನ. ಅಮ್ಮ ಬೈಯಲ್ಲ” ಎಂದಳು. ವಂದನಾ ತಾಯಿಯ ಮುಖ ನೋಡಿದಳು. ಬಾಯಿ ಬಿಡುವ ಹಾಗೆ ಕಂಡಿತು. ಪಕ್ಕದ ಕೋಣೆಯಲ್ಲಿ ಅಂದಾನಿ ಕೆಮ್ಮಿದ. “ಒಣ್ಣುಮಿಲ್ಲೆ” ಎಂದಳು. ಏನಿಲ್ಲ. ಸುಮತಿ ಅದನ್ನು ನಂಬಿದಳು. ಬೆಳಿಗ್ಗೆ ಎಂಟರ ಟ್ರೈನಿತ್ತು.

ಜುಲೈ ಮೊದಲ ವಾರ ಹುಚ್ಚಮ್ಮನ ಕಣ್ಣಿನ ಪೊರೆ ತೆಗೆಸಲು ದಿನ ಗೊತ್ತಾಯಿತು. ಆ ದಿನ ಅಂದಾನಿ ಅರ್ಧ ದಿನ ರಜೆ ಹಾಕಿದ. ಬೆಳಿಗ್ಗೆ ಏಳಕ್ಕೆ ಆಟೋ ಬಂದು ನಿಂತಿತು. ಹುಚ್ಚಮ್ಮನ ಬಟ್ಟೆಯ ಚೀಲದ ಮೇಲೆ ವಂದನಾ ಕೂತಿದ್ದಳು. ಏಳೆಂದರೆ ಏಳಲಿಲ್ಲ.

“ವೇಣಾಂ. ಅಜ್ಜಿ ಹೋಗೋದು ಬೇಡ.”

“ಏಳೇ, ಆಟೋದವನು ಕಾಯ್ತಿದಾನೆ” ಎಂದ ಅಂದಾನಿ.

“ಬೇಡ. ಬೇಡ. ಕಣ್ಣು ಹೋಗಿಬಿಡತ್ತೆ.”

“ಏನ್ ಹುಚ್ಚು ಇದು!” ಅಂದಾನಿ ಅವಳ ತೋಳು ಹಿಡಿದು ಎಳೆದ. ಅವಳು ಚೀಲವನ್ನು ಕಚ್ಚಿ ಹಿಡಿದಳು. ಅವನು ಬಾಗಿಲ ಹಿಂದೆ ಕೈಹಾಕಿದ. ಹುಚ್ಚಮ್ಮ, “ನೀ ಆಚೆ ನಡಿ. ಐದ್ ನಿಮಿಷ” ಎಂದು ಮೊಮ್ಮಗಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಮಂಡಿ ನೋವಿದ್ದರೂ ನೆಲಕ್ಕೆ ಕೂತಳು.

“ಈಗ ಯೋಳು ನನ್ ಕೂಸೇ. ಯಾಕೆ ಹೋಯ್ತದೆ ಕಣ್ಣು?”

“ನಾನೇ ಅಜ್ಜಿ.”

“ಏನು ನೀನೇ?”

“ಪೂಂಗೊಡಿಗೆ ಚಿಲಕ ಹಾಕಿದ್ದು ನಾನೇ. ಕರ್ಪೂರ ಸುಡಲೇ ಇಲ್ಲ. ನೀನು ಕಣ್ಣು ತಕ್ಕೋ ಅಂದೆ. ಸಾಮಿ ಆಸ್ಪತ್ರೇಲಿ ತಗೋತಾನೆ.”

ಹೊರಗೆ ಆಟೋದವನು ಎರಡು ಸಲ ಹಾರ್ನ್ ಹೊಡೆದ. ಹುಚ್ಚಮ್ಮ ಮೊಮ್ಮಗಳ ಬಲಗೈಯನ್ನು ಜೇಬಿನಿಂದ ಬಿಡಿಸಿ ತನ್ನ ಮಡಿಲಲ್ಲಿಟ್ಟುಕೊಂಡಳು. ಅಂಗೈ ಉಜ್ಜಿ ಉಜ್ಜಿ ತೊಳೆದು ಚರ್ಮ ಸಿಪ್ಪೆಯೆದ್ದಿತ್ತು.

“ಆಟೋ ಕಳ್ಸು ಅಂದಾನಿ” ಎಂದು ಕೂಗಿದಳು.

ಸಂಗತಿ ತಿಳಿದಾಗ ಅಂದಾನಿ ಮೊದಲು ಮಾಡಿದ್ದು ತನ್ನ ಲೆಕ್ಕ ತೀರಿಸಿದ್ದು. ಸುಳ್ಳಿಗೆ ಹತ್ತು. ಮೂರಾದ ಮೇಲೆ ಹುಚ್ಚಮ್ಮ ಅಡ್ಡ ಬಂದಳು. ನಾಲ್ಕನೆಯದು ಅವಳ ಮೊಣಕೈಗೆ ಬಿತ್ತು. ಅವಳು ಬೆಲ್ಟಿನ ತುದಿ ಹಿಡಿದುಕೊಂಡಳು.

“ಬುಡು ಅವ್ವ! ದೇವ್ರ ಮುಂದೆ ಸುಳ್ಳು ಆಣೆ ಮಾಡಿದಾಳೆ ಇವ್ಳು.”

“ನಿನ್ಗೆ ಎದ್ರಿ ದ್ಯಾವ್ರಿಗೆ ಸುಳ್ ಯೋಳವ್ಳೆ. ಕೂಸಿನ ಕಣ್ಗೆ ನಿನ್ ಬೆಲ್ಟು ಮಾದಪ್ಪನಿಗಿಂತ ದೊಡ್ಡದಾಗಿ ಕಂಡದೆ ಕನ್ಲಾ ಅಂದಾನಿ. ಅದ್ಕೆ ಏಟು ಯಾರಿಗೆ ಹಾಕ್ತೀಯ?”

“ಕರ್ಪೂರ ಹಚ್ಚಿದ್ದು ಯಾರು? ನಾನಾ?”

“ನಾನೇ. ಅದ್ಕೇ ನಾನೇ ಹೋಯ್ತೀನಿ ಅಂಜಲೈ ಮನೇಗೆ.”

ಅಂದಾನಿ ಬೆಲ್ಟು ಕೆಳಗಿಟ್ಟ. “ಹೊರಗೆ ಹೇಳಕೂಡ್ದು. ಆ ಹೆಂಗಸು ಆಫೀಸಿಗೆ ಕಂಪ್ಲೇಂಟ್ ಕೊಟ್ರೆ? ನಮ್ಮ ಮನೆ ಕರ್ಪೂರನೇ ಸುಳ್ಳು ಅಂತ ಬ್ಲಾಕೆಲ್ಲ ಉಗಿಯಲ್ವಾ?”

ಹುಚ್ಚಮ್ಮ ಸೊಸೆಯ ಕಡೆ ನೋಡಿದಳು. ಸುಮತಿ ಮಗಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು.

“ಅತ್ತೆ, ಅವರು ಹೇಳೋದೂ ಒಂದು ರೀತೀಲಿ ಸರಿ. ಈಗ ತಾನೇ ಹುಡುಗೀರು ಇವಳನ್ನ ಸೇರಿಸ್ಕೊಂಡಿದಾರೆ. ಮತ್ತೆ ಒಂಟಿ ಆಗ್ತಾಳೆ. ಮಕ್ಕಳು ತಾನೇ, ಮರೀತಾರೆ. ಇವಳೂ ಮರೀತಾಳೆ, ಆ ಹುಡುಗೀನೂ ಮರೀತಾಳೆ.”

“ನಿನ್ಗೆ ಹತ್ ವರ್ಸದಲ್ಲಿ ಆದುದ್ದು ಒಂದೂ ನೆಪ್ಪಿಲ್ವವ್ವ?”

ಸುಮತಿ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. ಅಂದು ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಮಾರನೆಯ ದಿನ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಹುಚ್ಚಮ್ಮ ಮೊಮ್ಮಗಳನ್ನು ಸ್ಕೂಲಿಗೆ ಕಳಿಸಲಿಲ್ಲ. ತಲೆಗೆ ನೀರು ಹಾಕಿ, ವಿಭೂತಿ ಇಟ್ಟು, ಕೈಹಿಡಿದು ಮೆಟ್ಟಿಲಿಳಿದಳು. ಕ್ವಾರ್ಟರ್ಸಿನ ಸಾಲಿನ ಕೊನೆಯಲ್ಲಿ ಅಂಜಲೈಯ ಒಂದೇ ಕೋಣೆಯ ಮನೆ. ಅಂಜಲೈ ಕಾಕಿ ಸೀರೆ ಉಟ್ಟು ಡ್ಯೂಟಿಗೆ ಹೊರಟಿದ್ದಳು.

ಹುಚ್ಚಮ್ಮ ತನಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ, ಬಾರದ್ದನ್ನು ಕನ್ನಡದಲ್ಲಿ, ಎಲ್ಲ ಹೇಳಿದಳು. ಹೇಳಿ ಬಗ್ಗಿ ಅವಳ ಪಾದ ಮುಟ್ಟಲು ಹೋದಳು. ಅಂಜಲೈ ಹಿಂದೆ ಸರಿದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೈಯುತ್ತಾಳೆಂದು ವಂದನಾ ಕಣ್ಣು ಮುಚ್ಚಿದ್ದಳು. ಅಂಜಲೈ ಬೈಯಲಿಲ್ಲ.

“ನಾನು ಅವಳನ್ನು ಹೊಡೆದೆ ಪಾಟೀ” ಎಂದಳು. “ದಿನಾ ಹೊಡೆದೆ. ಮೆಣಸಿನಕಾಯಿ ಹೊಗೆ ಕೂಡ ಹಾಕಿದೆ. ‘ಸುಳ್ಳು ಹೇಳಿದೆ ಅಂತ ಒಪ್ಪಿಕೊ, ಬಿಡ್ತೀನಿ’ ಅಂದೆ. ಒಪ್ಪಲೇ ಇಲ್ಲ. ನೋಡಿದೆ, ನೋಡಿದೆ ಅಂತಲೇ ಇದ್ದಳು. ಸಾಮಿಗಿಂತ ನನ್ನ ಮಗಳು ದೊಡ್ಡವಳಾ ಅಂತ ಇನ್ನೂ ಎರಡು ಹಾಕಿದೆ.”

“ಕೂಸೆಲ್ಲವ್ವ ಈಗ?”

“ಬಾಗಿಲು ಮುಚ್ಚಿದರೆ ಕಿರುಚುತ್ತಿದ್ದಳು. ರಾತ್ರಿ ಹಾಸಿಗೆಯಲ್ಲೇ ಮಾಡಿಕೊಳ್ಳುತ್ತಿದ್ದಳು. ನನಗೆ ಡ್ಯೂಟಿ. ಸ್ಕೂಲಿಗೂ ಹೋಗಲ್ಲ ಅಂದಳು. ಎಣ್ಣೂರಿನಲ್ಲಿ ನನ್ನ ತಂಗಿ ಇದ್ದಾಳೆ, ಅಲ್ಲಿ ಬಿಟ್ಟು ಬಂದೆ. ‘ಸುಳ್ಳು ಹೇಳಿದೆ ಅಂತ ಎಂದು ಒಪ್ಪುತ್ತೀಯೋ ಅಂದು ಬಂದು ಕರೆದುಕೊಂಡು ಹೋಗ್ತೀನಿ’ ಅಂತ ಹೇಳಿ ಬಂದೆ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನನಗೆ ಮುಖವಿಲ್ಲ ಪಾಟೀ. ನೀವು ಹೋಗಿ. ಅವಳು ಹೇಳಿದ್ದು ನಿಜ ಅಂತ ನೀವೇ ಅವಳಿಗೆ ಹೇಳಿ. ಭಾನುವಾರ ರಜೆ ಇದೆ, ನಾನು ಬಂದು ಕರೆದುಕೊಂಡು ಬರ್ತೀನಿ.”

ಹಾಗೆ ಅಜ್ಜಿ ಮೊಮ್ಮಗಳು ಟ್ರೈನು ಹತ್ತಿದರು. ಅಜ್ಜಿಗೆ ಬೋರ್ಡು ಕಾಣದು. ಮೊಮ್ಮಗಳು ಓದಿ ಹೇಳಬೇಕು. ಬೀಚ್ ಸ್ಟೇಷನ್ನಿನಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕಿತ್ತು. ಮೆಟ್ಟಿಲು ಹತ್ತುವಾಗ ವಂದನಾ ಅಜ್ಜಿಯನ್ನು ಹಿಡಿದುಕೊಂಡದ್ದು ಬಲಗೈಯಲ್ಲಿ. ಹುಚ್ಚಮ್ಮ ಅದನ್ನು ಗಮನಿಸಿದಳು. ಗಾಡಿಯಲ್ಲಿ ಒಂದು ಇಡ್ಲಿ ಪೊಟ್ಟಣ ಬಿಚ್ಚಿ ಮುಂದಿಟ್ಟಳು. ಮೂರು ವಾರದ ನಂತರ ಮಗು ಹೊಟ್ಟೆತುಂಬ ತಿಂದಿತು.

“ಪೂಂಗೊಡಿ ನನ್ನ ಹೊಡೀತಾಳಾ ಅಜ್ಜಿ?”

“ಹೊಡುದ್ರೆ ಹೊಡುಸ್ಕೊ.”

“ಆಮೇಲೆ ಮಾತಾಡ್ತಾಳಾ?”

“ಅದ ಅವ್ಳು ಯೋಳ್ಬೇಕು ಕನವ್ವ. ನಾವು ಕೇಳಾಕಾಗಕಿಲ್ಲ.”

ಎಣ್ಣೂರಿನಲ್ಲಿ ಇಳಿದಾಗ ಹೊಗೆಗೊಳವೆಗಳ ಬೂದಿ ಗಾಳಿಯಲ್ಲಿತ್ತು. ಮೀನುಗಾರರ ಕೇರಿ ಕೇಳಿಕೊಂಡು ಮರಳಿನಲ್ಲಿ ಅರ್ಧ ಗಂಟೆ ನಡೆದರು. ಒಂದು ತಗಡಿನ ಚಪ್ಪರದ ಕೆಳಗೆ ಆರೇಳು ಹೆಂಗಸರು ಐಸ್ ಸುರಿದ ಸಿಗಡಿಯ ರಾಶಿಯ ಸುತ್ತ ಕೂತು ಸಿಪ್ಪೆ ಬಿಡಿಸುತ್ತಿದ್ದರು. ಅವರ ನಡುವೆ ಪೂಂಗೊಡಿ ಇದ್ದಳು. ತಲೆ ಬೋಳಿಸಿದ್ದರು, ಹೇನಾಗಿತ್ತಂತೆ. ಬೆರಳುಗಳು ಐಸಿಗೆ ಬೆಳ್ಳಗೆ ಸುಕ್ಕಾಗಿದ್ದವು. ಎರಡು ಬೆರಳಿನಲ್ಲಿ ಉಗುರು ಇನ್ನೂ ಬಂದಿರಲಿಲ್ಲ.

ಅಂಜಲೈಯ ತಂಗಿ ಸಿಗಡಿಯಿಂದ ತಲೆಯೆತ್ತಿ, “ತಾಂಬರಂನವರಾ? ಅಕ್ಕ ಕಳಿಸಿದಳಾ?” ಎಂದಳು. ಆ ಮಾತು ಕಿವಿಗೆ ಬಿದ್ದದ್ದೇ ಪೂಂಗೊಡಿ ಎದ್ದು ನಿಂತಳು. ಅವಳು ನೋಡಿದ್ದು ವಂದನಾಳನ್ನಲ್ಲ, ಹುಚ್ಚಮ್ಮನನ್ನು. ಕರ್ಪೂರ ಹಚ್ಚಿದ ಪಾಟಿ.

ವಂದನಾ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಪ್ಪಿಸಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಹೇಳಿದಳು. “ಚಿಲಕ ಹಾಕಿದ್ದು ನಾನೇ ಪೂಂಗೊಡಿ. ನೀನು ನೋಡಿದ್ದು ನಿಜ. ನಾನು ಸುಳ್ಳು ಹೇಳಿದೆ.”

ಪೂಂಗೊಡಿ ತಲೆಯಾಡಿಸಿದಳು. “ಇಲ್ಲ. ನೀನಲ್ಲ.”

“ನಾನೇ! ನೀನು ಕಿಂಡಿಯಿಂದ ನೋಡಿ ನಕ್ಕೆ.”

“ಇಲ್ಲ. ನಾನು ಯಾರನ್ನೂ ನೋಡಲಿಲ್ಲ. ಕತ್ತಲಿತ್ತು.” ಅವಳು ತಮಿಳಿನಲ್ಲಿ ಮೆಲ್ಲಗೆ, ತಡವರಿಸದೆ ಹೇಳಿದಳು. “ನಿನಗೆ ಕರ್ಪೂರ ಸುಡಲಿಲ್ಲ. ಸುಳ್ಳು ಹೇಳಿದ್ದು ನಾನು.”

ಹುಚ್ಚಮ್ಮ ಮುಂದೆ ಬಂದು ಅವಳ ಬೋಳುತಲೆಯ ಮೇಲೆ ಕೈಯಿಟ್ಟಳು. ಹುಡುಗಿ ಏಟು ಬೀಳುತ್ತದೆಂದು ಕುಗ್ಗಿ, ಆಮೇಲೆ ನೆಟ್ಟಗಾದಳು. “ಹಂಗಲ್ಲ ನನ್ ತಾಯಿ. ನೀನ್ ಯೋಳಿದ್ದೇ ನಿಜ. ತಪ್ಪು ನಮ್ದು. ಎಲ್ಲಾ ನಿಮ್ಮವ್ವಂಗೂ ಯೋಳಿವ್ನಿ, ನಿಮ್ಮವ್ವನೂ ನಂಬವ್ಳೆ” ಎಂದಳು. ಅವಸರದಲ್ಲಿ ತಮಿಳು ಬಾಯಿಗೆ ಬರಲಿಲ್ಲ. ಎಲ್ಲ ಬೆಟ್ಟದ ಕನ್ನಡದಲ್ಲೇ ಬಂತು. ವಂದನಾ ಅದನ್ನು ತಮಿಳಿಗೆ ತಿರುಗಿಸಿ ಹೇಳಿದಳು. ಎರಡು ಸಲ ಹೇಳಿದಳು.

ಪೂಂಗೊಡಿ ಕೇಳಿಸಿಕೊಂಡಳು. ಅಮ್ಮ ಎಂಬ ಮಾತು ಬಂದಾಗ ಮಾತ್ರ ಅವಳ ಕಣ್ಣು ಹೊಳೆಯಿತು.

“ನಾನು ಈಗ ಸರಿಯಾಗಿ ಹೇಳಿದೆನಾ ಪಾಟೀ?” ಎಂದಳು. “ಒಪ್ಪಿಕೊಂಡಳು ಅಂತ ಅಮ್ಮನಿಗೆ ಹೇಳ್ತೀರಾ?”

ವಂದನಾ ಅಳುತ್ತಿದ್ದಳು. ಸಿಗಡಿ ಬಿಡಿಸುತ್ತಿದ್ದ ಹೆಂಗಸರ ಕೈ ನಿಂತಿತು.

ಯಾರೂ ಉತ್ತರ ಕೊಡದ್ದನ್ನು ಕಂಡು, ತಾನು ಹೇಳಿದ್ದು ಸಾಲದಾಯಿತೇನೋ ಎಂದುಕೊಂಡು ಪೂಂಗೊಡಿ ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಸ್ಕೂಲಿನಲ್ಲಿ ಪಾಠ ಒಪ್ಪಿಸುವವಳ ಹಾಗೆ ಕೈಕಟ್ಟಿ ನಿಂತು, ಎಲ್ಲರಿಗೂ ಕೇಳುವಂತೆ, ಮೊದಲಿನಿಂದ ಹೇಳತೊಡಗಿದಳು.